ಕಾರು ತೋರಿಸುವ ರೇಂಜ್ ನಂಬಿ ಹೊರಡಬಹುದೇ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಎಲೆಕ್ಟ್ರಿಕ್ ಕಾರು ಕೊಳ್ಳಹೊರಟವರು ಮೊದಲು ಕೇಳುವುದು, ‘ಒಂದು ಚಾರ್ಜಿಗೆ ಎಷ್ಟು ಓಡುತ್ತೆ?’ ತಿಪಟೂರಿನಿಂದ ಬೆಂಗಳೂರಿಗೆ ಸುಮಾರು 140 ಕಿ.ಮೀ., ಹೋಗಿ ಬಂದರೆ 280. ಕಂಪನಿ ಒಂದು ಅಂಕಿ ಹೇಳುತ್ತದೆ, ಡ್ಯಾಶ್‌ಬೋರ್ಡ್ ಇನ್ನೊಂದು ತೋರಿಸುತ್ತದೆ, ರಸ್ತೆಯಲ್ಲಿ ಸಿಗುವುದೇ ಬೇರೆ. ಹಾಗಿರುವಾಗ ಆ ಅಂಕಿಯನ್ನು ನಂಬಬಹುದೇ?

ಪರ: ಅದು ಸುಳ್ಳಲ್ಲ, ಅಂದಾಜು

ಡ್ಯಾಶ್‌ಬೋರ್ಡಿನ ಅಂಕಿ ಹುಟ್ಟುವ ಬಗೆ ತಿಳಿದರೆ ಅರ್ಧ ದೂರು ಅಲ್ಲೇ ಕರಗುತ್ತದೆ. ಬ್ಯಾಟರಿಯಲ್ಲಿ ಎಷ್ಟು ಯೂನಿಟ್ ಉಳಿದಿದೆ ಎಂದು ಕಾರು ಲೆಕ್ಕ ಹಾಕುತ್ತದೆ. ಈಚಿನ ಓಡಾಟದಲ್ಲಿ ಕಿಲೋಮೀಟರಿಗೆ ಎಷ್ಟು ಖರ್ಚಾಯಿತೋ ಅದರಿಂದ ಭಾಗಿಸುತ್ತದೆ. ತೋಟ, ಕೊಬ್ಬರಿ ಮಾರುಕಟ್ಟೆ ಎಂದು ವಾರವಿಡೀ 40ರ ವೇಗದಲ್ಲಿ ಸುತ್ತಿದ ಕಾರು ದೊಡ್ಡ ಅಂಕಿಯನ್ನೇ ತೋರಿಸುತ್ತದೆ. ಹೆದ್ದಾರಿಗೆ ಬಿದ್ದು 100ರಲ್ಲಿ ಓಡಿಸಿದರೆ ಆ ಅಂಕಿ ಇಳಿಯಲೇಬೇಕು. ವೇಗ 60ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ.

ಏರುದಾರಿಯದೂ ಇದೇ ಕಥೆ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ತಿಪಟೂರಿಗೆ ಬರುವ ಕಾರು 800 ಮೀಟರಿಗೂ ಹೆಚ್ಚು ಮೇಲೇರುತ್ತದೆ. 1,600 ಕಿಲೋ ತೂಗುವ ಗಾಡಿಯನ್ನು ಅಷ್ಟೆತ್ತರಕ್ಕೆ ಏರಿಸಲಿಕ್ಕೇ ಸುಮಾರು ಮೂರೂವರೆ ಯೂನಿಟ್ ಬೇಕು. ಸಮತಟ್ಟು ರಸ್ತೆಯಲ್ಲಿ 25 ಕಿ.ಮೀ. ಓಡಿಸುವಷ್ಟು ಕರೆಂಟು ಅದು.

ಅಟ್ಟದ ಮೇಲಿನ ಕಾಯಿ ನೋಡಿ ‘ಇಷ್ಟು ಕ್ವಿಂಟಲ್ ಕೊಬ್ಬರಿ ಆದೀತು’ ಎಂದು ಬೆಳೆಗಾರ ಹೇಳುವುದೂ ಹಿಂದಿನ ಅನುಭವದ ಮೇಲೆಯೇ. ತೂಗಿದಾಗ ಹೆಚ್ಚುಕಡಿಮೆಯಾದರೆ ಅವನನ್ನು ಯಾರೂ ಸುಳ್ಳುಗಾರ ಎನ್ನುವುದಿಲ್ಲ.

ಬೇಕಿರುವುದು ಓದುವ ಅಭ್ಯಾಸ. ಹೊರಟಾಗಿನ ಅಂಕಿ ಬಿಡಿ. ಬೆಂಗಳೂರಿನ ದಾರಿಯಲ್ಲಿ ಕೆ.ಬಿ. ಕ್ರಾಸ್ ದಾಟಿ ಹೆದ್ದಾರಿಯ ವೇಗದಲ್ಲಿ 30 ಕಿ.ಮೀ. ಓಡಿಸಿ, ಬ್ಯಾಟರಿ ಶೇಕಡಾ ಎಷ್ಟು ಇಳಿಯಿತು ನೋಡಿ. ಶೇ 15 ಇಳಿದಿದ್ದರೆ ಪೂರ್ತಿ ಬ್ಯಾಟರಿಗೆ 200 ಕಿ.ಮೀ. ಅಷ್ಟೇ. ಅದರಲ್ಲಿ ಶೇ 15ರಷ್ಟು ಕೈಯಲ್ಲಿಟ್ಟುಕೊಂಡು ಹೊರಟವರು ದಾರಿಯಲ್ಲಿ ನಿಲ್ಲುವುದಿಲ್ಲ.

ವಿರೋಧ: ಲೆಕ್ಕದ ಹೊರೆ ಕೊಂಡವರ ತಲೆಗೇಕೆ?

ಕಾರು ಕೊಳ್ಳುವ ದಿನ ಜನರ ಮುಂದಿರುವುದು ಜಾಹೀರಾತಿನ ಅಂಕಿ. 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ಇವಿಯ ಪ್ರಮಾಣೀಕೃತ ರೇಂಜ್ 312 ಕಿ.ಮೀ. ಅದನ್ನು ನಂಬಿದರೆ ಬೆಂಗಳೂರಿಗೆ ಹೋಗಿ ಬಂದ ಮೇಲೂ 32 ಕಿ.ಮೀ. ಉಳಿಯಬೇಕು. ಆದರೆ ಅದರ ಬ್ಯಾಟರಿ 30.2 ಯೂನಿಟ್‌ನದು. ಒಂದು ಯೂನಿಟ್ಟಿಗೆ ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿದರೆ ಮಾತ್ರ ಆ ಲೆಕ್ಕ ಕೂಡುತ್ತದೆ. ನಾಲ್ವರು ಕೂತು, ಎ.ಸಿ. ಹಾಕಿಕೊಂಡು ಹೆದ್ದಾರಿಯಲ್ಲಿ ಹೋಗುವಾಗ ಅದು ಆಗದ ಮಾತು. ಪ್ರಮಾಣಪತ್ರದ ಪರೀಕ್ಷೆ ನಡೆಯುವುದು ಪ್ರಯೋಗಾಲಯದ ರೋಲರ್‌ಗಳ ಮೇಲೆ. ಅಲ್ಲಿ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ಸರಾಸರಿ 35ಕ್ಕೂ ಕಡಿಮೆ.

ಕಂಪನಿಗಳಿಗೆ ಇದು ಗೊತ್ತಿಲ್ಲದ್ದಲ್ಲ. 2024ರ ಆಗಸ್ಟ್‌ನಲ್ಲಿ ಬಂದ ಕರ್ವ್ ಇವಿಯ ದೊಡ್ಡ ಬ್ಯಾಟರಿಯ ಮಾದರಿಗೆ ಪ್ರಮಾಣೀಕೃತ ರೇಂಜ್ 585 ಕಿ.ಮೀ. ನಾಲ್ವರು ಗ್ರಾಹಕರಲ್ಲಿ ಮೂವರಿಗೆ ದಕ್ಕುವುದು 400ರಿಂದ 425 ಎಂದು, ‘ಸಿ75’ ಎಂಬ ಹೆಸರಿನಲ್ಲಿ ಟಾಟಾ ಸಂಸ್ಥೆಯೇ ಹೇಳಿತು. ಮೆಚ್ಚಬೇಕಾದ ನಡೆ. ಆದರೆ ಹೀಗೆ ಹೇಳುವುದು ಕಂಪನಿಗಳ ಇಷ್ಟಕ್ಕೆ ಬಿಟ್ಟ ಮಾತಾಗಬಾರದು. ಚಳಿಯಲ್ಲಿ ರೇಂಜ್ ತಗ್ಗುವುದನ್ನು ಸರಿಯಾಗಿ ತಿಳಿಸಲಿಲ್ಲವೆಂದು 2023ರ ಜನವರಿಯಲ್ಲಿ ದಕ್ಷಿಣ ಕೊರಿಯಾ ಟೆಸ್ಲಾಗೆ 285 ಕೋಟಿ ವೋನ್ ದಂಡ ಹಾಕಿತು.

ಇನ್ನು ಶೇಕಡಾ ನೋಡಿ ಲೆಕ್ಕ ಹಾಕಿ ಎಂಬ ಸಲಹೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬಗೆಯ ಬ್ಯಾಟರಿಯ ವೋಲ್ಟೇಜ್ ಮುಕ್ಕಾಲು ತುಂಬಿದ್ದಾಗಲೂ ಕಾಲುಭಾಗ ಉಳಿದಾಗಲೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ವೋಲ್ಟೇಜ್ ನೋಡಿ ಶೇಕಡಾ ಅಳೆಯುವುದು ಕಷ್ಟ; ಆಗಾಗ ಫುಲ್ ಚಾರ್ಜ್ ಮಾಡದಿದ್ದರೆ ಆ ಶೇಕಡಾವೇ ತಪ್ಪಬಹುದು.

ನಗರದಲ್ಲಿ 20 ಕಿ.ಮೀ. ತಪ್ಪಿದರೆ ಹತ್ತಿರದಲ್ಲೇ ಇನ್ನೊಂದು ಚಾರ್ಜರ್ ಸಿಕ್ಕೀತು. ಹುಳಿಯಾರು ದಾರಿಯಲ್ಲಿ ರಾತ್ರಿ ಹತ್ತಕ್ಕೆ ತಪ್ಪಿದರೆ ಆಸ್ಪತ್ರೆಗೆ ಹೊರಟವರ ಗತಿಯೇನು? ಎ.ಸಿ. ಹಾಕಿ, 90ರ ವೇಗದಲ್ಲಿ ಎಷ್ಟು ಓಡುತ್ತದೆ ಎಂಬ ಅಂಕಿಯನ್ನೂ ಪ್ರಮಾಣೀಕೃತ ಅಂಕಿಯ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವುದು ಕಡ್ಡಾಯವಾಗಲಿ. ಅಲ್ಲಿಯವರೆಗೆ ಆ ಅಂಕಿಯನ್ನು ನಂಬಿ ಎಂದು ಕೇಳುವ ಹಕ್ಕು ಮಾರುವವರಿಗಿಲ್ಲ.