ಅಧ್ಯಾಪಕನ ಋಣ

ನಿವೃತ್ತಿಯ ಬೀಳ್ಕೊಡುಗೆ ಸಮಾರಂಭಗಳಿಗೆ ಒಂದು ಕ್ರಮವುಂಟು. ಶಾಲು, ಹಾರ, ಹಣ್ಣಿನ ಬುಟ್ಟಿ ಮುಗಿದ ಮೇಲೆ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಎದ್ದು ಬಂದು, ಗುರುಗಳಿಂದ ತಾವು ಪಡೆದುದನ್ನು ನೆನೆಯುತ್ತಾರೆ. ಗುರುಗಳು ತಲೆ ತಗ್ಗಿಸಿಕೊಂಡು ಕೇಳುತ್ತಾರೆ. ನಾನೂ ಹಾಗೆ ಕುಳಿತು ಕೇಳಿದವನೇ. ಅಂದು ಆ ಪ್ರೀತಿಯ ಮಾತುಗಳ ನಡುವೆ ನನಗೊಂದು ಅಳುಕು ಹುಟ್ಟಿತು. ಇವರು ಓದುತ್ತಿರುವ ಲೆಕ್ಕದಲ್ಲಿ ಕೊಟ್ಟವರ ಹೆಸರೂ ಪಡೆದವರ ಹೆಸರೂ ಅದಲುಬದಲಾಗಿವೆಯಲ್ಲ ಎಂಬುದೇ ಆ ಅಳುಕು. ಬಹುಕಾಲ ಪಾಠ ಹೇಳಿದವನು ವಿದ್ಯಾರ್ಥಿಗಳಿಗೆ ಸಾಲಗಾರನಾಗಿಯೇ ನಿವೃತ್ತನಾಗುತ್ತಾನೆ. ವಿಭಾಗದ ವಾರ್ತಾಪತ್ರಕ್ಕೆ ಲೇಖನವೊಂದನ್ನು ಬರೆಯಬೇಕೆಂದು ಕಿರಿಯ ಮಿತ್ರರು ಕೇಳಿದಾಗ, ಈ ಸಾಲದ ವಿಚಾರವನ್ನೇ ನಿವೇದಿಸಿಕೊಳ್ಳೋಣವೆನಿಸಿತು.

ನನ್ನ ಊರು ಡಿ. ಹಿರೇಹಾಳ್, ಬಳ್ಳಾರಿಯಿಂದ ರಾಯದುರ್ಗಕ್ಕೆ ಹೋಗುವ ಹಾದಿಯಲ್ಲಿದೆ. ನನ್ನ ತಂದೆಯವರ ಯೌವನದಲ್ಲಿ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಗೇ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಮೈಸೂರಿನೊಡನೆ ಕೂಡಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರದಲ್ಲಿ ಉಳಿದವು. ರಾಯದುರ್ಗ ಅನಂತಪುರ ಜಿಲ್ಲೆಯ ಪಾಲಾಯಿತು. ಜಿಲ್ಲೆ ಬದಲಾದರೂ ಮನೆಯ ಮಾತು ಬದಲಾಗಲಿಲ್ಲ. ಊರ ಶಾಲೆಯಲ್ಲಿ ಕನ್ನಡ ಕಲಿತು, ಕಚೇರಿಯಲ್ಲಿಯೂ ಸಂತೆಯಲ್ಲಿಯೂ ತೆಲುಗು ಕೇಳುತ್ತ ಬೆಳೆದು, ಕಾಲೇಜಿಗೆಂದು ಬಳ್ಳಾರಿಗೆ ಬಂದವನು ನಾನು. ಹೀಗಾಗಿ ಅಧ್ಯಾಪಕನಾದ ಮೊದಲ ವರ್ಷಗಳಲ್ಲಿ ನನ್ನ ಉಚ್ಚಾರಣೆಯಲ್ಲಿ ತೆಲುಗಿನ ಛಾಯೆ ಕಂಡೀತೆಂಬ ಭಯ ಕಾಡುತ್ತಿತ್ತು. ಅದನ್ನು ಮರೆಮಾಚಲು ತರಗತಿಯಲ್ಲಿ ಅಚ್ಚುಕಟ್ಟಾದ ಗ್ರಾಂಥಿಕ ಭಾಷೆಯನ್ನೇ ಆಡುತ್ತಿದ್ದೆ.

ಆ ಭಯವನ್ನು ಬಿಡಿಸಿದವಳು ಒಬ್ಬ ವಿದ್ಯಾರ್ಥಿನಿ. ಅಂದು ಹಳಗನ್ನಡದ ಪಕಾರವು ಹಕಾರವಾದ ಬಗೆಯನ್ನು ಹೇಳುತ್ತಿದ್ದೆ. ಪಾಲ್ ಎಂಬುದು ಹಾಲಾಯಿತು, ಪುಲಿ ಹುಲಿಯಾಯಿತು, ಪಾವು ಹಾವಾಯಿತು, ಪೂ ಹೂವಾಯಿತು ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದಾಗ, ವರ್ಷವಿಡೀ ಬಾಯಿ ಬಿಡದಿದ್ದ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಸಾರ್, ಇವೆಲ್ಲಾ ನಮ್ ಮನ್ಯಾಗ ಈಗ್ಲೂ ಅಂತೀವಿ" ಎಂದಳು. ತರಗತಿ ನಕ್ಕಿತು. ಅವಳ ಮನೆಮಾತು ತೆಲುಗು. ಪಾಲು, ಪುಲಿ, ಪಾಮು, ಪುವ್ವು ಎಂದು ಅವಳು ಒಂದೊಂದಾಗಿ ಹೇಳಿದಂತೆ ನಗು ನಿಂತಿತು. ಕನ್ನಡ ಶತಮಾನಗಳ ಹಿಂದೆಯೇ ಬಿಟ್ಟುಕೊಟ್ಟ ಪಕಾರವನ್ನು ತೆಲುಗು ಇಂದಿಗೂ ಉಳಿಸಿಕೊಂಡಿದೆ. ಆ ಸಂಗತಿ ನನಗೆ ಪುಸ್ತಕದಿಂದ ತಿಳಿದಿತ್ತು. ಆದರೆ ಹಳಗನ್ನಡವೆಂದರೆ ಹೆದರುವ ಮಕ್ಕಳಿಗೆ ಅವರ ಅಡುಗೆಮನೆಯಲ್ಲಿಯೇ ಅದರ ಬಾಗಿಲು ತೆರೆದಿದೆ ಎಂಬುದು ಹೊಳೆದಿರಲಿಲ್ಲ. ನನ್ನ ಊರ ಹೆಸರಿನ 'ಹಿರೇ' ಎಂಬುದರ ಹಿಂದೆ 'ಪಿರಿಯ' ನಿಂತಿದೆ, ಅದರ ಬಂಧುವೇ ತೆಲುಗಿನ 'ಪೆದ್ದ' ಎಂದು ಅಂದು ನಾನೂ ಧೈರ್ಯವಾಗಿ ಹೇಳಿದೆ. ಮರೆಮಾಚುತ್ತಿದ್ದ ನನ್ನ ಗಡಿನಾಡು ಅಂದಿನಿಂದ ಪಾಠದೊಳಗೆ ಬಂತು. ಆಮೇಲಿನ ವರ್ಷಗಳಲ್ಲಿ ನನ್ನ ಟಿಪ್ಪಣಿಗಳನ್ನು ಎಷ್ಟೋ ಸಲ ತಿದ್ದಿದ್ದೇನೆ. ಆ ತಿದ್ದುಪಡಿಗಳಲ್ಲಿ ಹೆಚ್ಚಿನವು ಇಂಥ ಮಕ್ಕಳ ಮಾತಿನಿಂದ, ಪ್ರಶ್ನೆಯಿಂದ ಬಂದವು.

ಗಡಿಯನ್ನು ಹೀಗೆ ಬಂಡವಾಳವನ್ನಾಗಿ ಮಾಡಿಕೊಂಡ ಹಿರಿಯರೊಬ್ಬರು ನಮ್ಮ ಜಿಲ್ಲೆಯವರೇ ಆಗಿದ್ದಾರೆ. ಅನಂತಪುರ ಜಿಲ್ಲೆಯ ರಾಳ್ಳಪಲ್ಲಿಯಲ್ಲಿ 1893ರಲ್ಲಿ ಹುಟ್ಟಿದ ಅನಂತಕೃಷ್ಣಶರ್ಮರು 1912ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತೆಲುಗು ಅಧ್ಯಾಪಕರಾಗಿ ಸೇರಿ, 1949ರವರೆಗೆ ಅಲ್ಲಿಯೇ ಪಾಠ ಹೇಳಿದರು. ಕನ್ನಡದ ನಗರದಲ್ಲಿ ತೆಲುಗು ಕಲಿಸಿದ ಈ ವಿದ್ವಾಂಸರು ಅದೇ ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರಲ್ಲಿ ಸಂಗೀತ ಕಲಿತರು. 'ಗಾನಕಲೆ', 'ಸಾಹಿತ್ಯ ಮತ್ತು ಜೀವನಕಲೆ' ಎಂಬ ಕೃತಿಗಳನ್ನು ಕನ್ನಡದಲ್ಲಿ ಬರೆದರು. ಅನಂತರ ತಿರುಪತಿಗೆ ಹೋಗಿ ತಾಳ್ಳಪಾಕ ಅನ್ನಮಾಚಾರ್ಯರ ಕೀರ್ತನೆಗಳ ಸಂಪಾದನೆಯಲ್ಲಿ ತೊಡಗಿ, ಹಲವಕ್ಕೆ ರಾಗಸಂಯೋಜನೆಯನ್ನೂ ಮಾಡಿದರು. ಮೈಸೂರು ಕೊಟ್ಟ ಸಂಗೀತವೇ ತಿರುಪತಿಯಲ್ಲಿ ಹೀಗೆ ಫಲ ಕೊಟ್ಟಿತೆಂದು ನಾನು ಭಾವಿಸುತ್ತೇನೆ. ತಾನು ಕಲಿಸಲು ಹೋದ ಊರಿನಲ್ಲಿ ತಾನೇ ಕಲಿಯಲು ಕುಳಿತು, ಆ ಊರಿನ ನುಡಿಯಲ್ಲಿ ಬರೆದುದು ಋಣ ತೀರಿಸುವ ಘನವಾದ ಬಗೆ.

ಇನ್ನೊಬ್ಬರು ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ತಳಕಿನವರಾದ ಟಿ. ಎಸ್. ವೆಂಕಣ್ಣಯ್ಯನವರು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರೆಂದು ಅವರನ್ನು ಸ್ಮರಿಸುತ್ತೇವೆ. ಅವರು ಬರೆದ ಸ್ವತಂತ್ರ ಗ್ರಂಥಗಳ ಸಂಖ್ಯೆ ದೊಡ್ಡದಲ್ಲ. ಶಿಷ್ಯರಿಗಾಗಿ ಕಾಲವನ್ನು ವ್ಯಯಿಸಿ 1939ರಲ್ಲಿ ತೀರಿಕೊಂಡರು. ಅವರು ಹೋಗಿ ಹಲವು ವರ್ಷಗಳಾದ ಮೇಲೆ ಅವರ ಶಿಷ್ಯರಾದ ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯವನ್ನು ಆ ಗುರುವಿಗೆ ಅರ್ಪಿಸಿದರು. ಗುರುವಿನ ಸಂಪಾದನೆಯಾಗಿ ಅದಕ್ಕಿಂತ ದೊಡ್ಡದನ್ನು ನಾನು ಕಾಣೆ.

ನಮ್ಮ ಕಾಲದ ಅಳತೆಗೋಲಿನಲ್ಲಿ ವೆಂಕಣ್ಣಯ್ಯನವರಿಗೆ ಎಷ್ಟು ಅಂಕ ಸಿಗುತ್ತಿತ್ತು? ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2010ರ ನಿಯಮಾವಳಿಯೊಡನೆ ಎ.ಪಿ.ಐ. ಅಂಕಪದ್ಧತಿ ನಮ್ಮ ನಡುವೆ ಬಂತು. ಲೇಖನಕ್ಕಿಷ್ಟು, ವಿಚಾರಸಂಕಿರಣಕ್ಕಿಷ್ಟು, ಪುಸ್ತಕಕ್ಕಿಷ್ಟು ಎಂದು ಅಧ್ಯಾಪಕರು ಲೆಕ್ಕ ಹಾಕತೊಡಗಿದರು. ಸಂಶೋಧನೆ ಬೇಡವೆಂದು ನಾನು ಹೇಳಲಾರೆ. ಓದುವುದನ್ನೂ ಬರೆಯುವುದನ್ನೂ ನಿಲ್ಲಿಸಿದ ಅಧ್ಯಾಪಕನ ಪಾಠ ಬೇಗನೆ ಹಳಸುತ್ತದೆ. ಬಡ್ತಿಗೆ ಒಂದು ನ್ಯಾಯವಾದ ಮಾನದಂಡ ಬೇಕೆಂಬ ವಾದದಲ್ಲಿಯೂ ಹುರುಳಿದೆ. ಆದರೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮೊದಲ ಬಾರಿ ಎದ್ದು ಮಾತನಾಡಿದ ಗಳಿಗೆಯನ್ನು ನಮೂದಿಸಲು ಆ ನಮೂನೆಯಲ್ಲಿ ಅಂಕಣವಿರಲಿಲ್ಲ. ಅಂಕಣವಿಲ್ಲದ ಕೆಲಸವನ್ನು ಮಾಡುವ ಮನಸ್ಸು ಕಿರಿಯ ಅಧ್ಯಾಪಕರಲ್ಲಿ ಕ್ರಮೇಣ ಕುಂದೀತೆಂಬುದು ನನ್ನ ಆತಂಕ.

ಕೃತಜ್ಞತೆ ಬಾಯಿಮಾತಿನಲ್ಲಿ ಮುಗಿಯಬಾರದು. ಸಾಲವೆಂದು ಒಪ್ಪಿಕೊಂಡವನು ತೀರಿಸುವ ದಾರಿಯನ್ನೂ ಹೇಳಬೇಕು. ನನ್ನ ಪಾಲಿಗೆ ಆ ದಾರಿ ಮರಳಿ ಡಿ. ಹಿರೇಹಾಳಿನ ಕಡೆಗೆ ಹೋಗುತ್ತದೆ. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ, 1997ರಲ್ಲಿ ಕುಪ್ಪಂನ ದ್ರಾವಿಡ ವಿಶ್ವವಿದ್ಯಾಲಯ, 2010ರಲ್ಲಿ ಬಳ್ಳಾರಿಯ ವಿಶ್ವವಿದ್ಯಾಲಯ ಸ್ಥಾಪನೆಗೊಂಡವು. ಹೀಗೆ ಉನ್ನತ ಶಿಕ್ಷಣ ಗಡಿಯ ಬಳಿಗೆ ಬಂದಿದೆ. ಆದರೂ ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡ ಶಾಲೆಗಳಲ್ಲಿ ಹತ್ತನೆಯ ತರಗತಿ ಮುಗಿಸುವ ಮಗುವಿಗೆ 'ಮುಂದೇನು' ಎಂದು ಹೇಳುವವರು ವಿರಳ. ಮುಂದೆ ಓದುವ ಹಾದಿ ಕಾಣದಿದ್ದರೆ ತಂದೆತಾಯಿಗಳು ಮಗುವನ್ನು ಮೊದಲಿಗೇ ಕನ್ನಡ ಶಾಲೆಗೆ ಏಕೆ ಕಳುಹಿಸಿಯಾರು? ಅಲ್ಲಿ ಶಾಲೆ ಬಡವಾದರೆ ಇಲ್ಲಿ ನಮ್ಮ ವಿಭಾಗದ ಬೆಂಚುಗಳೂ ಬರಿದಾಗುತ್ತವೆ.

ಆದ್ದರಿಂದ ನನ್ನ ಸೂಚನೆ ಇಷ್ಟೇ. ವಿಭಾಗದ ಅಧ್ಯಾಪಕರೊಬ್ಬರು, ನಿವೃತ್ತರೊಬ್ಬರು, ಇಬ್ಬರು ವಿದ್ಯಾರ್ಥಿಗಳು ಸೇರಿ ವರ್ಷಕ್ಕೊಮ್ಮೆಯಾದರೂ ಗಡಿಯ ಒಂದು ಕನ್ನಡ ಪ್ರೌಢಶಾಲೆಗೆ ಹೋಗಿ ಬರಲಿ. ಭಾಷಣ ಬೇಡ, ಒಂದು ಪಾಠ ಮಾಡಲಿ, ಪ್ರವೇಶದ ವಿವರಗಳನ್ನು ತಿಳಿಸಲಿ, ಮಕ್ಕಳ ಮಾತನ್ನು ಕೇಳಲಿ. ಹಾಗೆಯೇ ತೆಲುಗು ಮನೆಮಾತಿನ ವಿದ್ಯಾರ್ಥಿ ನಮ್ಮಲ್ಲಿಗೆ ಬಂದಾಗ ಅವರ ಉಚ್ಚಾರಣೆಯನ್ನು ತಿದ್ದುವುದಕ್ಕೆ ಮೊದಲು, ಅವರಿಗೆ ತಿಳಿದಿರುವ ಎರಡನೆಯ ನುಡಿ ನಮ್ಮ ಪಾಠಕ್ಕೆ ಏನು ಕೊಡಬಲ್ಲುದೆಂದು ಯೋಚಿಸೋಣ. ಇದಕ್ಕೆ ಅನುದಾನ ಬೇಕಿಲ್ಲ. ಬಸ್ಸಿನ ಖರ್ಚು ಸಾಕು. ನಿವೃತ್ತರ ಪೈಕಿ ಮೊದಲ ಹೆಸರು ನನ್ನದೇ ಇರಲಿ.

ಅಂದು ಎದ್ದು ಮಾತನಾಡಿದ ಆ ವಿದ್ಯಾರ್ಥಿನಿ ಈಗ ಗಡಿಭಾಗದ ಕನ್ನಡ ಶಾಲೆಯೊಂದರಲ್ಲಿ ಶಿಕ್ಷಕಿ. ನನ್ನ ಬೀಳ್ಕೊಡುಗೆಗೆ ಬಂದಿದ್ದಳು. ಎಲ್ಲರಂತೆ ಅವಳೂ ನನಗೆ ಕೃತಜ್ಞತೆ ಹೇಳಿದಳು. ಆ ದಿನದ ಗದ್ದಲದಲ್ಲಿ ನಾನು ಹೇಳಬೇಕಾದುದನ್ನು ಹೇಳಲಾಗಲಿಲ್ಲ. ಮೊದಲ ಭೇಟಿಗೆ ಅವಳ ಶಾಲೆಯನ್ನೇ ಆರಿಸಿಕೊಳ್ಳಬೇಕೆಂದು ವಿಭಾಗದವರಲ್ಲಿ ಕೇಳಿಕೊಳ್ಳುತ್ತೇನೆ. ಅವಳ ತರಗತಿಯ ಹಿಂದಿನ ಬೆಂಚಿನಲ್ಲಿ ಒಂದು ಗಂಟೆ ಕುಳಿತು, ಅವಳ ಪಾಠ ಕೇಳಿ, ಆಮೇಲೆ ಅದನ್ನು ಹೇಳುತ್ತೇನೆ.