ಕಮಾನು ಬೇಡ, ಚಪ್ಪಡಿ ಹಾಕ್ರಿ

1/5
ಹೋದ ವಾರ ಸ್ಟೋರಿಯಲ್ಲಿ ಕೇಳಿದ್ದೆ, ನೆನಪೈತಾ? ‘ಕೆರೆಬಿಳಚಿಗೆ ಮೊದಲು ಏನು ಬೇಕು?’ ಅಂತ. ನೀವು ಕಳಿಸಿದ್ದು: ಸ್ವಾಗತ ಕಮಾನು, ‘ಐ ಲವ್’ ಅಂತ ಲೈಟ್ ಉರಿಯೋ ಸೆಲ್ಫಿ ಬೋರ್ಡು, ಹೈಮಾಸ್ಟ್ ದೀಪ, ಜಿಮ್ಮು. ಚರಂಡಿ ಅಂತ ಬರೆದೋರು ಇಬ್ಬರೇ. ಅದರಲ್ಲಿ ಒಬ್ಬಳು ನನ್ನ ತಂಗಿ.

ಅದಕ್ಕೇ ಈ ಸಲ ನಾನು ಬರೀತಿರೋದು ಯಾವ ಲೀಡರ್ ವಿರುದ್ಧನೂ ಅಲ್ಲ, ನಿಮ್ಮ ವಿರುದ್ಧ. ಐದೂ ಭಾಗ ಓದಿ, ಆಮೇಲೆ ಕಾಮೆಂಟಲ್ಲಿ ಜಗಳಕ್ಕೆ ಬರ್ರಿ.

2/5
ಹೋದ ಮಳೆಗಾಲದಲ್ಲಿ ಕರೆಂಟ್ ಹೋದಾಗ ನಮ್ಮಜ್ಜಿ ಚರಂಡಿ ದಾಟೋಕೆ ಹೋಗಿ ಬಿದ್ಲು. ಒಂದೇ ಒಂದು ಚಪ್ಪಡಿ ಇರಲಿಲ್ಲ, ಎರಡು ಅಡಿ ಬಾಯಿ ತೆರೆದಿತ್ತು. ಮಣಿಕಟ್ಟು ಮುರೀತು. ಅಪ್ಪ ಆಸ್ಪತ್ರೆಗೆ ಕಟ್ಟಿದ ದುಡ್ಡಲ್ಲಿ ನಮ್ಮ ಓಣಿ ಪೂರ್ತಿ ಕಲ್ಲು ಹಾಕಿಸಬಹುದಿತ್ತು. ಬಿಕಾಂ ಓದೋನು, ಲೆಕ್ಕ ಹಾಕದೆ ಇರೋಕಾಗಲ್ಲ. ಯಾರ ತಪ್ಪು ಅಂತ ಇಲ್ಲಿ ಹೆಸರು ಬರೆಯಲ್ಲ. ಆ ಬಾಯಿಯನ್ನ ದಿನಕ್ಕೆ ನಾಲ್ಕು ಸಲ ಹಾರಿಕೊಂಡು ಹೋಗ್ತಿದ್ದವನು ನಾನೇ, ಒಂದು ಅರ್ಜಿ ಕೂಡ ಕೊಟ್ಟಿರಲಿಲ್ಲ.

ನಾವೆಲ್ಲ ರೀಲ್ಸ್ ಮಾಡೋಕೆ ಸೂಳೆಕೆರೆಗೆ ಹೋಗ್ತೀವಿ. ಶಾಂತವ್ವನ ಕಥೆ, ‘ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ’ ಅನ್ನೋ ಕ್ಯಾಪ್ಷನ್, ಹಿಂದೆ ಒಂದು ಪಾಟು. ಆದ್ರೆ ಆ ಕೆರೆ ನೂರಾರು ವರ್ಷ ನಿಂತಿರೋದು ಬರೀ ದೊಡ್ಡದು ಅಂತಲ್ಲ. ಎರಡು ಗುಡ್ಡದ ನಡುವೆ ಏರಿ ಕಟ್ಟಿದೋರು ನೀರು ಹೊರಗೆ ಹೋಗೋಕೆ ದಾರಿಯನ್ನೂ ಇಟ್ರು. ಸಿದ್ಧನಾಲೆ, ಬಸವನಾಲೆ ಅಂತ ಎರಡು ಕಡೆ ನಾಲೆ ಇವೆ. ಅಷ್ಟು ದೊಡ್ಡ ನೀರಿಗೆ ದಾರಿ ತೋರಿಸಿದ ಜನದ ಪಕ್ಕದಲ್ಲಿದ್ದು, ಬಚ್ಚಲ ನೀರಿಗೆ ಇಳಿಜಾರು ಕೊಡೋಕೆ ಆಗಲ್ಲ ಅಂದ್ರೆ ನಗಬೇಕೋ ಅಳಬೇಕೋ. ಗಾರೆ ಮೇಸ್ತ್ರಿ ಹತ್ರ ನೀರು ತುಂಬಿದ ಲೆವೆಲ್ ಪೈಪ್ ಇರುತ್ತೆ. ಎಲ್ಲಿ ಎತ್ತರ, ಎಲ್ಲಿ ತಗ್ಗು ಅಂತ ಒಂದು ಬೆಳಗ್ಗೆಯಲ್ಲಿ ಗೊತ್ತಾಗುತ್ತೆ. ಅದನ್ನ ನೋಡದೆ ಹೊಸ ಕಾಂಕ್ರೀಟ್ ಸುರಿದ್ರೆ ಸೊಳ್ಳೆಗೆ ಪಕ್ಕಾ ಮನೆ ಕಟ್ಟಿಕೊಟ್ಟಂಗೆ, ಅಷ್ಟೇ.

3/5
‘ದುಡ್ಡೆಲ್ಲೈತಪ್ಪಾ?’ ಅಂತೀರಿ. 15ನೇ ಹಣಕಾಸು ಆಯೋಗ 2021-26ಕ್ಕೆ ಪಂಚಾಯಿತಿಗಳಿಗೆ ಹೇಳಿದ ಅನುದಾನದಲ್ಲಿ 60 ಪರ್ಸೆಂಟು ಕುಡಿಯೋ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು. ಉಳಿದ 40 ಪರ್ಸೆಂಟು ಊರಿನ ಬೇರೆ ಅಗತ್ಯಕ್ಕೆ, ಸಂಬಳಕ್ಕೆ ಮಾತ್ರ ಬಳಸಂಗಿಲ್ಲ. ಅಂದ್ರೆ ಚರಂಡಿ, ಕಸಕ್ಕೆ ಲೆಡ್ಜರಲ್ಲಿ ಕಾಲಂ ಐತೆ. ಕಮಾನಿಗೆ ಅಷ್ಟು ಸುಲಭವಾಗಿ ಇಲ್ಲ.

ಕ್ಲಾಸಲ್ಲಿ ಕ್ಯಾಪಿಟಲ್ ಎಕ್ಸ್‌ಪೆಂಡಿಚರ್, ರೆವೆನ್ಯೂ ಎಕ್ಸ್‌ಪೆಂಡಿಚರ್ ಅಂತ ಐದು ಮಾರ್ಕಿಗೆ ಬಾಯಿಪಾಠ ಮಾಡಿದ್ವಲ್ಲ? ಅದೇ ಇದು. ಹೊಸದಾಗಿ ಕಟ್ಟಿದ್ರೆ ಶಂಕುಸ್ಥಾಪನೆ, ಹಾರ, ಫೋಟೋ, ಅಮೃತಶಿಲೆ ಮೇಲೆ ಹೆಸರು. ಇದ್ದಿದ್ದನ್ನ ರಿಪೇರಿ ಮಾಡಿದ್ರೆ ಏನೂ ಇಲ್ಲ. ನಾವೂ ಹೊಸದಕ್ಕೇ ಲೈಕ್ ಒತ್ತೀವಿ. ಹಂಗಾದ್ಮೇಲೆ ರಿಪೇರಿ ಯಾಕೆ ಮಾಡ್ತಾರೆ ಹೇಳ್ರಿ.

4/5
ಇದನ್ನ ಬರೆದ್ರೆ ನನ್ನ ಮಾವನೇ ಬೈತಾನೆ, ಆದ್ರೂ ಬರೀತೀನಿ. ಅಡಿಕೆ ಸಿಪ್ಪೆ. ಸುಲಿಯೋ ಸೀಜನ್ ಬಂತು ಅಂದ್ರೆ ನಮ್ಮ ಚನ್ನಗಿರಿ ಕಡೆ ರಸ್ತೆ ಬದಿಯೆಲ್ಲ ಸಿಪ್ಪೆ ರಾಶಿ. ಒಣಗಿದ ಮೇಲೆ ಬೆಂಕಿ. ಅದು ಧಗಧಗ ಉರಿಯಲ್ಲ, ಒಳಗೊಳಗೇ ಹೊಗೆಯಾಡುತ್ತೆ. ಬೆಳಗಿನ ಮಂಜಿಗೆ ಆ ಹೊಗೆ ಸೇರಿದ್ರೆ ಬೈಕಲ್ಲಿ ಕಾಲೇಜಿಗೆ ಹೋಗೋರಿಗೆ ಎದುರಿಗೆ ಬರೋ ಲಾರಿ ಕಾಣಲ್ಲ.

ಸಿಪ್ಪೆ ಕಸ ಅಲ್ಲ. ಸಗಣಿ ಜೊತೆ ಪದರ ಹಾಕಿ, ಆಗಾಗ ನೀರು ಚಿಮುಕಿಸಿ ಬಿಟ್ರೆ ನಿಧಾನಕ್ಕೆ ಗೊಬ್ಬರ ಆಗುತ್ತೆ. ಹಂಗೇ ಗಿಡದ ಬುಡಕ್ಕೆ ಹಾಸಿದ್ರೂ ತೇವ ಹಿಡಿಯುತ್ತೆ. ಅಡಿಕೆ ರೇಟು ಏರಿದ್ದು, ಇಳಿದಿದ್ದು ಬೆಳಗ್ಗೆ ಎದ್ದ ಕೂಡಲೇ ನೋಡೋ ನಮಗೆ, ಅದೇ ತೋಟದ ಗೊಬ್ಬರಕ್ಕೆ ದುಡ್ಡು ಕೊಟ್ಟು, ಸಿಪ್ಪೆಗೆ ಕಡ್ಡಿ ಗೀರೋದು ಯಾವ ಲೆಕ್ಕ? ಸುಲಿಯೋ ಮನೆಗಳಿಗೆ ಊರ ಹೊರಗೆ ಒಂದು ಜಾಗ ಗುರುತು ಮಾಡಿ. ರಸ್ತೆಗೆ ಸುರಿದವರಿಗೆ ದಂಡ. ನಮ್ಮ ಮಾವನಿಗೂ.

5/5
ಪಂಚಾಯತ್ ರಾಜ್ ಕಾನೂನು 1993ರದ್ದು. ವಾರ್ಡ್ ಸಭೆ, ಗ್ರಾಮ ಸಭೆ ಆರು ತಿಂಗಳಿಗೆ ಒಮ್ಮೆಯಾದ್ರೂ ನಡೀಬೇಕು ಅಂತ ಅದರಲ್ಲೇ ಐತೆ. 18 ದಾಟಿ ಮತದಾರರ ಪಟ್ಟಿಯಲ್ಲಿ ಹೆಸರಿದ್ರೆ ನೀವು ಅದರ ಸದಸ್ಯರು, ಯಾರೂ ಕರೆಯೋದು ಬೇಕಿಲ್ಲ. ವೋಟರ್ ಐಡಿಯನ್ನ ಸಿಮ್ ತಗೊಳ್ಳೋಕೆ ಮಾತ್ರ ಮಾಡಿಸಿದೋರು ಕೈ ಎತ್ರಿ. (ನಾನೂ ಎತ್ತಿದೀನಿ.)

‘ಹೋದ್ರೆ ಮಾತಾಡೋಕೆ ಬಿಡಲ್ಲ, ದೊಡ್ಡೋರು ಗದರ್ತಾರೆ’ ಅಂತ ಒಬ್ಬ ಗೆಳೆಯ ಡಿಎಂ ಮಾಡಿದ. ಇರಬಹುದು. ಬರಿಗೈಲಿ ಹೋದ್ರೆ ಗದರ್ತಾರೆ. ಪಟ್ಟಿ ಹಿಡ್ಕೊಂಡು ಹತ್ತು ಜನ ಹೋದ್ರೆ ಬರೆದುಕೊಳ್ಳಲೇಬೇಕು. ಬರೆದುಕೊಳ್ಳದಿದ್ರೆ ಮಾಹಿತಿ ಹಕ್ಕು ಅರ್ಜಿ ಐತೆ, ಶುಲ್ಕ ಹತ್ತು ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ಕ್ಯಾಂಟೀನ್ ಟೀ ಬಿಲ್ಲಿಗಿಂತ ಕಡಿಮೆ.

ಈ ಭಾನುವಾರ ಬೆಳಗ್ಗೆ ಏಳಕ್ಕೆ ನಾನು, ತಂಗಿ ಟೇಪ್ ಹಿಡ್ಕೊಂಡು ನಮ್ಮ ಓಣಿಯಿಂದ ಶುರು ಮಾಡ್ತೀವಿ. ಎಲ್ಲಿ ಚಪ್ಪಡಿ ಇಲ್ಲ, ಎಷ್ಟು ಅಡಿ, ಯಾವ ಕಂಬದ ದೀಪ ರಾತ್ರಿ ಉರಿಯಲ್ಲ, ಯಾವುದು ಮಧ್ಯಾಹ್ನನೂ ಉರೀತೈತೆ. ಕಂಬಕ್ಕೆ ನಂಬರ್ ಇಲ್ಲದಿದ್ರೆ ಯಾರ ಮನೆ ಎದುರು ಅಂತ ಬರೀರಿ. ಬರೋಕಾಗದೋರು ನಿಮ್ಮ ಓಣಿ ಫೋಟೋ ಡಿಎಂ ಮಾಡ್ರಿ. ಫಿಲ್ಟರ್ ಹಾಕಬೇಡಿ.