ಖಾಲಿ ಜಾಗದ ಲೆಕ್ಕ

ಮೂವತ್ತಾರನೇ ವಯಸ್ಸಿನಲ್ಲಿ ಮತ್ತೆ ಓದಲು ಕೂತೆ. ಎರಡು ವರ್ಷದ ಸ್ನಾತಕೋತ್ತರ ಕೋರ್ಸು, ವಿಷಯ ಆಪರೇಷನ್ಸ್ ಮತ್ತು ಪ್ರೋಸೆಸ್ ಮ್ಯಾನೇಜ್‌ಮೆಂಟ್, ತರಗತಿ ಶನಿವಾರ ಮತ್ತು ಭಾನುವಾರ. ರಾಯಚೂರಿಗೆ ಫೋನ್ ಮಾಡಿ ಹೇಳಿದಾಗ ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಆಪರೇಷನ್ ಅಂದ್ರ ಡಾಕ್ಟರು ಮಾಡೋದಲ್ಲೇನೋ?"

"ಅಲ್ಲವ್ವಾ. ಕೆಲಸ ಹೆಂಗ ಹರೀತದ, ಎಲ್ಲಿ ನಿಲ್ತದ, ಅದನ್ನ ಓದೋದು" ಎಂದೆ.

"ಅದಕ್ಕ ಫೀಸು ಕಟ್ಟಬೇಕೇನು? ಹಬ್ಬದ ದಿನ ನಮ್ಮ ಅಡಿಗಿ ಮನ್ಯಾಗ ಬಂದು ನಿಲ್ಲು, ತಿಳೀತದ" ಎಂದಳು.

ಮಾತು ತಪ್ಪೇನಲ್ಲ. ಮೊದಲ ವಾರ ಮೇಷ್ಟ್ರು ಶುರು ಮಾಡಿದ್ದೂ ಅಡುಗೆಮನೆಯಿಂದಲೇ. ಹೋಟೆಲಿನಲ್ಲಿ ಹಿಟ್ಟು ರುಬ್ಬುವವರು ಮೂವರು, ಬಡಿಸುವವರು ಆರು ಜನ, ಆದರೆ ದೋಸೆ ಹಂಚು ಒಂದೇ. ರುಬ್ಬುವವರನ್ನು ಹತ್ತು ಜನ ಮಾಡಿದರೂ ಒಂದೇ ಒಂದು ದೋಸೆ ಹೆಚ್ಚಿಗೆ ಬರುವುದಿಲ್ಲ. ಇಡೀ ಹೋಟೆಲಿನ ವೇಗ ಆ ಹಂಚಿನ ವೇಗ. ಇದಕ್ಕೆ ಬಾಟಲ್‌ನೆಕ್ ಅನ್ನುತ್ತಾರೆ. ಕೇಳಿದಾಗ ಸುಲಭ ಅನ್ನಿಸುತ್ತದೆ. ನಮ್ಮ ಆಫೀಸಿನಲ್ಲಿ ಆ ಹಂಚು ಯಾವುದು ಎಂದು ಹುಡುಕಲು ಕೂತರೆ ತಿಂಗಳು ಬೇಕಾಗುತ್ತದೆ.

ಹೈದರಾಬಾದಿನಲ್ಲಿ ಕೂತು ಇದನ್ನು ಓದುವುದಕ್ಕೂ ಒಂದು ಅರ್ಥವಿದೆ ಎಂದು ಆಮೇಲೆ ಗೊತ್ತಾಯಿತು. ಭಾರತದಲ್ಲಿ ಆಪರೇಷನ್ಸ್ ರಿಸರ್ಚ್‌ನ ಮೊದಲ ಘಟಕ ಶುರುವಾಗಿದ್ದು 1949ರಲ್ಲಿ, ಇದೇ ಊರಿನ ರೀಜನಲ್ ರಿಸರ್ಚ್ ಲ್ಯಾಬೊರೇಟರಿಯಲ್ಲಿ. ಈಗ ತಾರ್ನಾಕದಲ್ಲಿ ಐಐಸಿಟಿ ಎಂದು ಬೋರ್ಡು ಇರುವ ಸಂಸ್ಥೆಯೇ ಅದು. ಕೈಗಾರಿಕಾ ಎಂಜಿನಿಯರಿಂಗಿಗೆಂದೇ ಮುಂಬೈಯಲ್ಲಿ ನೈಟೀ ಸಂಸ್ಥೆ ಬಂದದ್ದು 1963ರಲ್ಲಿ. ಅದೀಗ ಐಐಎಂ ಮುಂಬೈ.

ವಿಷಯಕ್ಕೆ ಬರುತ್ತೇನೆ. ಕೋರ್ಸಿಗೆ ಸೇರುವ ಹೊತ್ತಿಗೆ ನಾನು ಹತ್ತು ಜನರ ಸಪೋರ್ಟ್ ತಂಡದ ಮ್ಯಾನೇಜರ್. ಸೋಮವಾರ ಬೆಳಿಗ್ಗೆ ಒಂದು ಎಕ್ಸೆಲ್ ಶೀಟ್ ತಯಾರಿಸುತ್ತಿದ್ದೆ. ಯಾರು ಎಷ್ಟು ಗಂಟೆ, ಯಾವ ಕೆಲಸದಲ್ಲಿ ಎಂಬ ಲೆಕ್ಕ. ಎಲ್ಲರ ಮುಂದೆಯೂ ಶೇ. 95ರ ಮೇಲೆ ಇದ್ದರೆ ಆ ಕಾಲಂ ಹಸಿರು. ಮೇಲಿನವರು ಅದನ್ನು ನೋಡಿ ಬೇರೆ ತಂಡದವರಿಗೆ ಮಾದರಿ ಎಂದು ತೋರಿಸುತ್ತಿದ್ದರು. ಐಟಿಯಲ್ಲಿರುವ ನಿಮಗೆ ಹೇಳಬೇಕಿಲ್ಲ, 'ಬೆಂಚ್' ಅನ್ನುವುದು ನಮ್ಮಲ್ಲಿ ಬೈಗುಳಕ್ಕೆ ಸಮ. ನನ್ನ ತಂಡದಲ್ಲಿ ಬೆಂಚಿನ ಮೇಲೆ ಯಾರೂ ಇರಲಿಲ್ಲ, ಅದು ನನಗೆ ಹೆಮ್ಮೆ.

ಆ ತಂಡದಲ್ಲಿ ಬೀದರ್ ಕಡೆಯ ಒಬ್ಬ ಹುಡುಗನಿದ್ದ. ತಂಗಿಯ ಮದುವೆಗೆ ಐದು ದಿನ ರಜೆ ಕೇಳಿದ. ಶೀಟ್ ತೆರೆದು ನೋಡಿದೆ. ಅವನ ಕೆಲಸ ಹೊರಲು ಇನ್ನೊಬ್ಬರ ಹೆಗಲು ಇರಲಿಲ್ಲ. "ಎರಡು ದಿನ ತಗೊಳ್ಳಪ್ಪ, ಉಳಿದದ್ದು ಅಡ್ಜಸ್ಟ್ ಮಾಡೋಣ" ಎಂದೆ. ಅವನು ತಲೆಯಾಡಿಸಿ ಹೋದ. ಮದುವೆಯ ದಿನವೇ ಸರ್ವರ್ ಕೈಕೊಟ್ಟಿತು. ಕಲ್ಯಾಣ ಮಂಟಪದಲ್ಲಿ ಅಕ್ಕಿ ಚೀಲ ಪೇರಿಸಿಟ್ಟ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತ. ಹೊರಗೆ ಓಲಗ ಕೇಳಿಸುತ್ತಿತ್ತು. ಅಕ್ಷತೆ ಬೀಳುವಾಗ ಅವನು ನಮ್ಮ ಜೊತೆ ಕಾಲ್‌ನಲ್ಲಿದ್ದ. ನಾನು "ಥ್ಯಾಂಕ್ಸ್, ಸೂಪರ್ ಕೆಲಸ" ಎಂದು ಮೆಸೇಜ್ ಹಾಕಿದೆ.

ಎರಡು ತಿಂಗಳಿಗೆ ರಾಜೀನಾಮೆ ಕೊಟ್ಟ. ಕೊನೆಯ ದಿನ ಚಹಾ ಕುಡಿಯುವಾಗ ಹೇಳಿದ: "ಸರ್, ನೀವು ಬೈಲಿಲ್ಲ, ಜುಲುಮಿ ಮಾಡ್ಲಿಲ್ಲ. ಆದ್ರ ನಾ ಎದ್ದು ಹೋದ್ರ ಎಲ್ಲಾ ನಿಲ್ತದ ಅನ್ನೋ ಹಂಗ ಇಟ್ಟಿದ್ರಿ." ಸಂಬಳ ಸಾಲದೆ ಹೋಗುತ್ತಿದ್ದಾನೆ ಎಂದು ಎಚ್‌ಆರ್ ಫಾರ್ಮಿನಲ್ಲಿ ಬರೆದೆ. ನಾನೂ ಹಾಗೆಯೇ ನಂಬಿದ್ದೆ.

ಎರಡನೇ ಸೆಮಿಸ್ಟರಿನಲ್ಲಿ ಕ್ಯೂ ಸಿದ್ಧಾಂತ ಬಂತು. ಇದರ ಮೂಲಪುರುಷ ಎರ್ಲಾಂಗ್, ಡೆನ್ಮಾರ್ಕಿನವರು. ಟೆಲಿಫೋನ್ ಕರೆಗಳ ಬಗ್ಗೆ ಅವರ ಮೊದಲ ಲೇಖನ ಬಂದದ್ದು 1909ರಲ್ಲಿ. ಒಂದೇ ಕೌಂಟರ್, ಜನ ಬರುವುದಕ್ಕೆ ನಿಯಮವಿಲ್ಲ, ಪ್ರತಿಯೊಬ್ಬರ ಕೆಲಸಕ್ಕೆ ಹಿಡಿಯುವ ಹೊತ್ತೂ ಒಂದೇ ಅಲ್ಲ. ಇಂಥಲ್ಲಿ ಸರಾಸರಿ ಎಷ್ಟು ಕಾಯಬೇಕು? ಕೌಂಟರಿನವನು ಕೆಲಸದಲ್ಲಿರುವ ಪಾಲನ್ನು ಅವನು ಖಾಲಿ ಇರುವ ಪಾಲಿನಿಂದ ಭಾಗಿಸಿ. ಒಂದು ಕೆಲಸಕ್ಕೆ ಅರ್ಧ ಗಂಟೆ ಅಂದುಕೊಳ್ಳಿ. ಅವನು ಶೇ. 80ರಷ್ಟು ಕೆಲಸದಲ್ಲಿದ್ದರೆ, 80 ಭಾಗ 20, ಅಂದರೆ ನಾಲ್ಕು ಪಟ್ಟು, ಎರಡು ಗಂಟೆ ಕಾಯಬೇಕು. ಶೇ. 90 ಆದರೆ ಒಂಬತ್ತು ಪಟ್ಟು, ನಾಲ್ಕೂವರೆ ಗಂಟೆ. ಶೇ. 95 ಆದರೆ ಹತ್ತೊಂಬತ್ತು ಪಟ್ಟು, ಒಂಬತ್ತೂವರೆ ಗಂಟೆ. ನೂರಕ್ಕೆ ನೂರು ತುಂಬಿಸಿದರೆ ಕ್ಯೂ ಬೆಳೆಯುತ್ತಲೇ ಹೋಗುತ್ತದೆ, ಕರಗುವುದೇ ಇಲ್ಲ. ಹತ್ತು ಜನರ ತಂಡದಲ್ಲಿ ಈ ಸಂಖ್ಯೆಗಳು ಕಡಿಮೆ, ಆದರೆ ಗೆರೆ ಏರುವ ರೀತಿ ಅದೇ. ಕೊನೆಯಲ್ಲಿ ನೆಟ್ಟಗೆ ಮೇಲಕ್ಕೆ.

ನೋಟ್‌ಬುಕ್ಕಿನ ಅಂಚಿನಲ್ಲಿ ನಮ್ಮ ತಂಡದ ಅಂಕಿ ಹಾಕಿ ನೋಡಿದೆ. ಶೀಟಿನಲ್ಲಿ ಹಸಿರಾಗಿದ್ದ ಪ್ರತಿಯೊಂದು ಸಾಲೂ ಆ ಏರಿನ ತುದಿಯಲ್ಲಿತ್ತು. ಟಿಕೆಟ್ ಯಾಕೆ ತಡವಾಗುತ್ತದೆ ಎಂದು ನಾನು ಪ್ರತಿ ವಾರ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ನಾನೇ ತಯಾರಿಸುವ ಶೀಟ್ ಆಗಿತ್ತು. ಆ ಹುಡುಗ ಚಹಾ ಕುಡಿಯುತ್ತಾ ಹೇಳಿದ್ದೂ ಇದನ್ನೇ. ಅವತ್ತು ಮಧ್ಯಾಹ್ನದ ಉಳಿದ ತರಗತಿ ನನಗೆ ಕೇಳಿಸಲಿಲ್ಲ.

ಅದೇ 1909ರಲ್ಲಿ ನಮ್ಮವರೊಬ್ಬರು ಹೈದರಾಬಾದಿಗೆ ಬಂದಿದ್ದರು. ಹಿಂದಿನ ವರ್ಷ, 1908ರ ಸೆಪ್ಟೆಂಬರ್ 28ರಂದು, ಮೂಸಿ ನದಿ ಉಕ್ಕಿ ಊರನ್ನೇ ನುಂಗಿತ್ತು. ಸಾವಿರಾರು ಜನ ಸತ್ತರು. ನಿಜಾಮರ ಸರ್ಕಾರ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ಮಳೆಯ ಲೆಕ್ಕ, ನದಿಗೆ ನೀರು ಬರುವ ಪ್ರದೇಶದ ಲೆಕ್ಕ, ಮೇಲಿನ ಕೆರೆಗಳ ಲೆಕ್ಕ ಎಲ್ಲವನ್ನೂ ತೆಗೆದರು. ಆ ಭಾಗದಲ್ಲಿದ್ದ ಏಳುನೂರಕ್ಕೂ ಹೆಚ್ಚು ಕೆರೆಗಳಲ್ಲಿ ಇನ್ನೂರಕ್ಕೂ ಹೆಚ್ಚು ಒಡೆದಿದ್ದವು. ತುಂಬಿದ ಕೆರೆ ಒಡೆದು ಕೆಳಗಿನ ತುಂಬಿದ ಕೆರೆಯನ್ನು ಒಡೆಯುತ್ತಾ ಬಂದಿತ್ತು. ಊರೊಳಗೆ ನದಿ ಎಷ್ಟು ನೀರು ತಾಳುತ್ತದೋ ಅಷ್ಟನ್ನೇ ಬಿಡಬೇಕು, ಮಿಕ್ಕದ್ದನ್ನು ಮೇಲೆಯೇ ಹಿಡಿದಿಡಬೇಕು ಎಂಬುದು ಅವರ ಸಲಹೆ. ಹಾಗೆ ಬಂದವು ಮೂಸಿಗೆ ಉಸ್ಮಾನ್ ಸಾಗರ, 1920ರಲ್ಲಿ, ಈಸಿ ಹೊಳೆಗೆ ಹಿಮಾಯತ್ ಸಾಗರ, 1927ರಲ್ಲಿ. ನಾವು ವೀಕೆಂಡಿನಲ್ಲಿ ಗಂಡಿಪೇಟ್ ಎಂದು ಮಕ್ಕಳನ್ನು ಕರೆದೊಯ್ಯುವ ಜಾಗ ಅದೇ ಉಸ್ಮಾನ್ ಸಾಗರ. ವಿಶ್ವೇಶ್ವರಯ್ಯನವರು ಅದೇ ವರ್ಷದ ಕೊನೆಗೆ ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಹೋದರು.

ಪ್ರವಾಹ ತಡೆಯುವ ಜಲಾಶಯದ ಉಪಯೋಗ ಇರುವುದು ಅದರ ಖಾಲಿ ಜಾಗದಲ್ಲಿ. ಆದರೆ ಈ ಎರಡೂ ಕೆರೆ ಊರಿಗೆ ಕುಡಿಯುವ ನೀರನ್ನೂ ಕೊಡಬೇಕಾದ್ದರಿಂದ ತುಂಬಿಯೂ ಇರಬೇಕು. ಈ ಎಳೆದಾಟ ನೂರು ವರ್ಷದಿಂದ ನಡೆದಿದೆ. 2025ರ ಸೆಪ್ಟೆಂಬರ್ ಕೊನೆಯಲ್ಲಿ ಗೇಟು ತೆರೆದಾಗ, ನಾವು ರಾಯಚೂರು, ಕಲಬುರಗಿ ಬಸ್ಸು ಹಿಡಿಯುವ ಇಮ್ಲಿಬನ್ ನಿಲ್ದಾಣಕ್ಕೇ ಮೂಸಿ ನುಗ್ಗಿತು.

ಅಪ್ಪನಿಗೆ ಇದನ್ನೆಲ್ಲಾ ಹೇಳಿದೆ. ಅವರಿಗೆ ಹೊಸದೇನೂ ಅನ್ನಿಸಲಿಲ್ಲ. "ಕೋಡಿ ಇಲ್ದ ಕೆರಿ ಯಾರ ಕಟ್ತಾರೋ?" ಎಂದರು ಅಷ್ಟೆ.

ಮೇಲಿನವರ ಹತ್ತಿರ ಹೋಗಿ ತಂಡವನ್ನು ಶೇ. 80ಕ್ಕೆ ಇಳಿಸೋಣ ಎಂದೆ. "ಇಬ್ಬರು ಸುಮ್ಮನೆ ಕೂತಿರ್ತಾರೆ ಅಂತ ಕ್ಲೈಂಟಿಗೆ ಹೇಗೆ ಹೇಳಲಿ?" ಎಂದರು. ಅವರ ಕಷ್ಟವೂ ಸುಳ್ಳಲ್ಲ. ಖಾಲಿ ಕೂತವನ ಸಂಬಳ ಕಾಣಿಸುತ್ತದೆ, ಕಾಯುವವನ ನಷ್ಟ ಯಾವ ಬಿಲ್ಲಿನಲ್ಲೂ ಬರುವುದಿಲ್ಲ. ಲಿಟ್ಲ್‌ನ ನಿಯಮ ಹಿಡಿದುಕೊಂಡು ಮತ್ತೆ ಹೋದೆ. ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ್ದು: ಒಳಗಿರುವ ಕೆಲಸ ಭಾಗ ದಿನಕ್ಕೆ ಮುಗಿಯುವ ಕೆಲಸ, ಅದೇ ಒಂದೊಂದಕ್ಕೆ ಹಿಡಿಯುವ ಸಮಯ. ನಮ್ಮಲ್ಲಿ 120 ಟಿಕೆಟ್ ಬಾಕಿ, ದಿನಕ್ಕೆ ಮುಗಿಯುವುದು 40, ಹಾಗಾಗಿ ಪ್ರತಿ ಗ್ರಾಹಕನೂ ಮೂರು ದಿನ ಕಾಯುತ್ತಾನೆ. ಎಷ್ಟು ಬೈದರೂ ಈ ಮೂರು ದಿನ ಬದಲಾಗದು. ಒಬ್ಬನನ್ನು ಮೂರು ತಿಂಗಳ ಮಟ್ಟಿಗೆ ಖಾಲಿ ಇಡಲು ಒಪ್ಪಿದರು.

ಆ ಒಬ್ಬ ಸುಮ್ಮನೆ ಕೂರಲಿಲ್ಲ. ಪದೇ ಪದೇ ಬರುತ್ತಿದ್ದ ಅದೇ ದೂರುಗಳ ಬೇರು ಹುಡುಕಿ ಒಂದೊಂದಾಗಿ ಸರಿಮಾಡಿದ. ಯಾರಾದರೂ ರಜೆ ಹಾಕಿದರೆ ಅವರ ಜಾಗದಲ್ಲಿ ನಿಂತ. ಬಾಕಿ ಕರಗಿತು, ರಾತ್ರಿ ಕಾಲ್‌ಗಳು ಕಡಿಮೆಯಾದವು. ನಾಲ್ಕನೇ ತಿಂಗಳು, ಈಗ ಎಲ್ಲ ಚೆನ್ನಾಗಿದೆಯಲ್ಲ ಎಂದು ಅವನನ್ನು ಬೇರೆ ಪ್ರಾಜೆಕ್ಟಿಗೆ ಒಯ್ದರು. ಮತ್ತೆ ಜಗಳವಾಡಿ, ಆರು ವಾರದ ಮೇಲೆ ಅರ್ಧ ದಿನದ ಲೆಕ್ಕದಲ್ಲಿ ವಾಪಸ್ ತಂದೆ. ಈಗಲೂ ಪ್ರತಿ ತ್ರೈಮಾಸಿಕದಲ್ಲಿ ಈ ಜಗಳ ಇದ್ದದ್ದೇ.

ಈ ಓದು ನನಗೂ ಬೇಕೇ ಎಂದು ಯೋಚಿಸುತ್ತಿರುವವರಿಗೆ ಒಂದೆರಡು ಮಾತು. ಗಣಿತಕ್ಕೆ ಹೆದರಬೇಡಿ. ಸಂಭವನೀಯತೆ, ಲೀನಿಯರ್ ಪ್ರೋಗ್ರಾಮಿಂಗ್, ಸ್ವಲ್ಪ ಸಂಖ್ಯಾಶಾಸ್ತ್ರ, ಇಷ್ಟನ್ನು ಪಿಯುಸಿ ಪುಸ್ತಕ ತೆರೆದು ನೆನಪು ಮಾಡಿಕೊಂಡರೆ ಸಾಕು. ಬಡ್ತಿಗಾಗಿ ಮಾತ್ರ ಸೇರುವುದಾದರೆ ಯೋಚಿಸಿ, ಎರಡು ವರ್ಷದ ವಾರಾಂತ್ಯ ಮನೆಯವರ ಲೆಕ್ಕದಿಂದ ಹೋಗುತ್ತದೆ. ನನ್ನ ಮಗಳು ಸೈಕಲ್ ಕಲಿತದ್ದು ನಾನಿಲ್ಲದ ಒಂದು ಭಾನುವಾರ. ಸೇರಿದರೆ, ನಿಮ್ಮದೇ ಕೆಲಸದ ಅಂಕಿಸಂಖ್ಯೆ ಹಿಡಿದುಕೊಂಡು ತರಗತಿಗೆ ಹೋಗಿ.

ಪದವಿ ಸಿಕ್ಕ ವಾರ ಆ ಬೀದರ್ ಹುಡುಗನಿಗೆ ಫೋನ್ ಮಾಡಿದೆ. ಈಗ ಪುಣೆಯಲ್ಲಿದ್ದಾನೆ. ಮದುವೆಯ ದಿನದ ವಿಷಯ ಎತ್ತಿ, ತಪ್ಪು ನನ್ನದು ಎಂದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ನಕ್ಕು, "ಬಿಡ್ರಿ ಸರ್. ಈಗ ನಾನೂ ಟೀಮ್ ಲೀಡ್. ಸೋಮವಾರ ಮುಂಜಾನೆ ಅದೇ ಶೀಟ್ ಮಾಡ್ತೀನಿ, ನೀವು ಕಲ್ಸಿದ್ದೇ" ಎಂದ.

ಫೋನಿಟ್ಟ ಮೇಲೆ ನೋಟ್‌ಬುಕ್ಕಿನ ಆ ಪುಟದ ಫೋಟೋ ತೆಗೆದು ಅವನಿಗೆ ಕಳಿಸಿದೆ.